ಸೂಜಿಯಮ್ಮನ ಹಲಗೆ

ಮಂಚದ ಕೆಳಗಿದ್ದ ಪೆಟ್ಟಿಗೆಯನ್ನು ಎಳೆದು ಮುಚ್ಚಳ ಎತ್ತಿದ್ದೇ ತಡ, ಇದ್ದಿಲಪುಡಿಯ ವಾಸನೆ ಮಗಳ ಮುಖಕ್ಕೆ ಬಡಿಯಿತು. ಇದ್ದಿಲು, ಹಳೆಯ ಕಾಗದ, ಕಾಗದ ಗಟ್ಟಿಯಾಗಲೆಂದು ಸವರುವ ಎಣ್ಣೆ, ಮೂರೂ ಬೆರೆತ ವಾಸನೆ. ನಾಲ್ಕು ವರ್ಷದವಳಿದ್ದಾಗ ಕಾರ್ಖಾನೆಯಲ್ಲಿ ಅಮ್ಮನ ಮೇಜಿನ ಕೆಳಗೆ ಕೂತು, ಅವಳ ಮೊಣಕಾಲಿಗೆ ಕೆನ್ನೆ ಆನಿಸಿದರೆ ಬರುತ್ತಿದ್ದುದು ಇದೇ. ತಲೆಯ ಮೇಲೆ ಸೂಜಿ ಟಿಕ್ ಟಿಕ್ ಎನ್ನುತ್ತಿರುತ್ತಿತ್ತು. ಆ ಸದ್ದಿಗೇ ಅವಳು ನಿದ್ದೆಹೋಗುತ್ತಿದ್ದಳು.

"ಶಾಲು ಸಿಕ್ತೇನೇ?" ಮುಂದಿನ ಕೋಣೆಯಿಂದ ಅತ್ತೆ ಕೇಳಿದಳು.

"ಹುಡುಕ್ತಿದ್ದೀನಿ ಅತ್ತೆ."

"ಬೇಗ ಹುಡುಕು. ನಿಮ್ಮಮ್ಮ ಎಲ್ಲಿಗೆ ಹೋದ್ರೂ ಅರ್ಧ ಗಂಟೆ ಮೊದಲೇ ಹೋಗಿ ಕೂರೋಳು. ಇವತ್ತು ಕಾಯಿಸಿದ್ರೆ ಎದ್ದು ನಡ್ಕೊಂಡೇ ಹೊರಟುಬಿಡ್ತಾಳೆ."

ಅತ್ತೆ ಎಂದರೆ ತೀರಿಕೊಂಡವಳ ನಾದಿನಿ. ಐವತ್ತು ವರ್ಷ ಇಬ್ಬರೂ ಜಗಳವಾಡಿಕೊಂಡೇ ಒಂದೇ ಸೂರಿನ ಕೆಳಗೆ ಬಾಳಿದವರು. ನಿನ್ನೆ ಬೆಳಗಿನಿಂದ ಅತ್ತೆ ಒಮ್ಮೆಯೂ ಅತ್ತಿರಲಿಲ್ಲ, ಬಾಯಿಯನ್ನೂ ಮುಚ್ಚಿರಲಿಲ್ಲ. ಒದ್ದೆ ಬಟ್ಟೆ ಹಿಡಿದು ಅತ್ತಿಗೆಯ ಬಲಗೈಯ ತೋರುಬೆರಳನ್ನು ಉಜ್ಜುತ್ತ ಕೂತಿದ್ದಳು. ಬೆರಳ ತುದಿಯ ಕಪ್ಪು ಹೋಗುತ್ತಿರಲಿಲ್ಲ.

ತೀರಿಕೊಂಡವಳಿಗೆ ಸೂಜಿಯಮ್ಮ ಎಂದು ಹೆಸರು ಬಂದದ್ದು ಆ ಬೆರಳಿನಿಂದಲೇ. ಊರಿನ ಪಿಂಗಾಣಿ ಕಾರ್ಖಾನೆಯಲ್ಲಿ ನಲವತ್ತನಾಲ್ಕು ವರ್ಷ ಅವಳು ಮಾಡಿದ್ದು ಒಂದೇ ಕೆಲಸ: ಹಕ್ಕಿಯ ಚಿತ್ರವಿರುವ ಹಾಳೆಯನ್ನು ಹೊಸ ಕಾಗದದ ಮೇಲಿಟ್ಟು, ಗೆರೆಯುದ್ದಕ್ಕೂ ಸೂಜಿಯಿಂದ ಸಣ್ಣ ಸಣ್ಣ ತೂತು ಚುಚ್ಚುವುದು. ಬಣ್ಣ ಹಾಕುವವರು ಆ ಚುಚ್ಚುಹಾಳೆಯನ್ನು ತಟ್ಟೆಯ ಮೇಲಿಟ್ಟು, ಇದ್ದಿಲಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ತಟ್ಟುತ್ತಾರೆ. ಹಾಳೆ ಎತ್ತಿದರೆ ತಟ್ಟೆಯ ಮೇಲೆ ಚುಕ್ಕೆಗಳ ಹಕ್ಕಿ ಕೂತಿರುತ್ತದೆ. ಚುಕ್ಕೆಗಳ ಮೇಲೆ ನೀಲಿ ಎಳೆದರೆ ಆಯಿತು. ತಲೆ ತಗ್ಗಿಸಿ ನಿಂತ ಆ ನೀಲಿ ಹಕ್ಕಿ ಈಗ ದೇಶದೇಶದ ಗೋಡೆಗಳ ಮೇಲಿದೆ. ಅದರ ಮೇಲೆ ಪುಸ್ತಕಗಳು ಬಂದಿವೆ.

ಶಾಲು ಪೆಟ್ಟಿಗೆಯ ತಳದಲ್ಲಿತ್ತು. ಅದರ ಮಡಿಕೆಯೊಳಗೆ ಒಂದು ಚಪ್ಪಟೆ ಕಟ್ಟು. ಮಗಳು ದಾರ ಬಿಚ್ಚಿದಳು. ಒಳಗೆ ಎರಡು ಹಾಳೆ. ಒಂದು ಬಿಳಿ, ಅಮ್ಮ ಕೆಲಸ ಬಿಡುವ ತಿಂಗಳು ಚುಚ್ಚಿದ್ದು, ಯಜಮಾನರು ಬೇಡವೆಂದು ವಾಪಸು ಮಾಡಿದ್ದು. ಇನ್ನೊಂದು ಕಂದುಬಣ್ಣಕ್ಕೆ ತಿರುಗಿದ, ಅಂಚು ಉದುರುವ ಕಾಗದ. ಮೂಲೆಯಲ್ಲಿ ಮೂರು ಚುಕ್ಕೆ. ಅದು ದೊಡ್ಡವರ ಗುರುತು ಎಂಬುದು ಊರಲ್ಲಿ ಮಕ್ಕಳಿಗೂ ಗೊತ್ತು. ಹಕ್ಕಿಯನ್ನು ಮೊದಲು ಬರೆದವರು, ಕಾರ್ಖಾನೆ ಕಟ್ಟಿದವರು ಅವರು. ಇದು ಅವರ ಕೈಯಿಂದಲೇ ಚುಚ್ಚಿದ ಮೂಲಹಾಳೆ.

ಅವಳು ಅದನ್ನು ಕಿಟಕಿಗೆ ಹಿಡಿದಳು. ತೂತುಗಳಲ್ಲಿ ಬೆಳಕು ತುಂಬಿಕೊಂಡಿತು. ಬಾಲ ಅದೇ, ರೆಕ್ಕೆ ಅದೇ. ಕತ್ತು ಮಾತ್ರ ನೆಟ್ಟಗಿತ್ತು. ಕೊಕ್ಕು ತೆರೆದು ಆ ಹಕ್ಕಿ ಮೇಲಕ್ಕೆ ನೋಡುತ್ತಿತ್ತು.

ಅವಳು ಬಿಳಿ ಹಾಳೆಯನ್ನೂ ಅದರ ಮೇಲಿಟ್ಟು ನೋಡಿದಳು. ವಾಪಸು ಬಂದ ಹಾಳೆಯಲ್ಲಿ ಕತ್ತು ತಗ್ಗಿಯೇ ಇತ್ತು, ಆದರೆ ಕಾರ್ಖಾನೆಯ ಹಕ್ಕಿಗಿಂತ ಒಂದು ಎಳೆ ಮೇಲಿತ್ತು. ಮೂಲದ ಕಡೆಗೆ.

"ಯಜಮಾನ್ರು ಬಂದ್ರು," ಎಂದಳು ಅತ್ತೆ, ದನಿ ತಗ್ಗಿಸಿ.

ದೊಡ್ಡವರ ಮಗ ಯಜಮಾನರು. ವಯಸ್ಸು ಅರವತ್ತಾರು. ಬೆಳಿಗ್ಗೆಯೇ ಕಾರ್ಖಾನೆಯಿಂದ ಮೂವತ್ತು ಕುರ್ಚಿ ಕಳಿಸಿದ್ದರು. ಅವುಗಳ ಜೊತೆ, ಯಾರೂ ಕೇಳದಿದ್ದರೂ, ಮೆಟ್ಟಿಲ ಮೇಲೆ ಹಾಸಲು ಒಂದು ಒರಟು ಚಾಪೆ. ವಯಸ್ಸಾದವರು ಜಾರಬಾರದೆಂದು. ಅವರು ಸೂಜಿಯಮ್ಮನ ಬಳಿ ಬಹಳ ಹೊತ್ತು ನಿಂತರು. ಹೊದಿಕೆಯ ಮೂಲೆ ಮಡಚಿಕೊಂಡಿತ್ತು, ಅದನ್ನು ಬಗ್ಗಿ ಬಿಡಿಸಿದರು. ಆಮೇಲೆ ಮಗಳನ್ನು ಬಾಗಿಲ ಮರೆಗೆ ಕರೆದರು.

"ಹೇಳಬಾರದ ಹೊತ್ತಲ್ಲಿ ಹೇಳ್ತಿದ್ದೀನಿ, ತಪ್ಪು ತಿಳೀಬೇಡಮ್ಮಾ. ಅಪ್ಪನ ಮೂಲಹಾಳೆ ನಿಮ್ಮನೇಲಿದೆ. ಇನ್ನು ನಾಲ್ಕು ದಿನಕ್ಕೆ ಪ್ರದರ್ಶನ. ನಡುಗೋಡೆ ಮೇಲೆ ಅದೇ ಇರಬೇಕು."

"ಮಣ್ಣಾದ ಮೇಲೆ ತಂದುಕೊಡ್ತೀನಿ."

ಅವರು ತಲೆಯಾಡಿಸಿದರು. ಹೋಗಲಿಲ್ಲ. ಮಧ್ಯಾಹ್ನ ತಟ್ಟೆ ಬೇಯಿಸುವ ಭಟ್ಟಿ ತೆರೆಯುತ್ತೇವೆ, ಪ್ರದರ್ಶನದ ತಟ್ಟೆಗಳೆಲ್ಲ ಅದರಲ್ಲಿವೆ, ನಿಲ್ಲಿಸುವ ಹಾಗಿಲ್ಲ ಎಂದರು. ಕೆಳಗಿನ ಹಲಗೆಯ ಮೇಲೆ ಹಕ್ಕಿಯಿಲ್ಲದ ಎಂಟು ತಟ್ಟೆಗಳಿವೆ ಎಂದು ಕೇಳಿದೆ ಎಂದರು.

"ಅದು ಅಮ್ಮನ ಹಲಗೆ," ಎಂದಳು ಮಗಳು.

"ಅಮ್ಮ ಈಗ ಇಲ್ಲವಲ್ಲ."

ಅವರು ಅದನ್ನು ಕೆಟ್ಟದಾಗಿ ಹೇಳಲಿಲ್ಲ. ಹೇಳುವಾಗ ಅವರ ಕಣ್ಣೂ ಒದ್ದೆಯಾಗಿತ್ತು. "ನೀನು ಭಟ್ಟಿ ಹತ್ರ ಬರಬೇಡ. ಇವತ್ತು ಅದನ್ನೆಲ್ಲ ನೋಡೋ ದಿನ ಅಲ್ಲ," ಎಂದು ಹೊರಗೆ ಹೋಗಿ ಕುರ್ಚಿಯಲ್ಲಿ ಕೂತರು.

*

ಸೂಜಿಯಮ್ಮ ಇಪ್ಪತ್ತೊಂದನೇ ವಯಸ್ಸಿಗೆ ಕಾರ್ಖಾನೆಗೆ ಸೇರಿದಾಗ ದೊಡ್ಡವರಿಗೆ ಕಣ್ಣು ಮಂಜಾಗಿತ್ತು. ಅವರು ಅವಳ ಕೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಮೂಲಹಾಳೆ ಕೊಟ್ಟರು. ಇದು ನೀನಿರುವವರೆಗೆ ನಿನ್ನ ಹತ್ತಿರವೇ ಇರಲಿ ಎಂದರು. ಎರಡು ವರ್ಷಕ್ಕೆ ತೀರಿಕೊಂಡರು. ಆಗ ಯಜಮಾನರು ಬೇರೆ ಊರಲ್ಲಿ ಓದುತ್ತಿದ್ದ ಹುಡುಗ. ದೊಡ್ಡವರ ತಟ್ಟೆಗಳಿಗೆ ಇನ್ನೂ ಹೆಸರು ಬಂದಿರಲಿಲ್ಲ. ಗೋದಾಮಿನಲ್ಲಿ ಉಳಿದಿದ್ದ ನೂರಿಪ್ಪತ್ತು ತಟ್ಟೆಗಳು ಒಂದು ದಿನ ಸೂರು ಕುಸಿದು ಪುಡಿಯಾದವು.

ಪ್ರತಿ ಹೊಸ ಹಾಳೆಯ ಮೇಲೂ ಮೂಲವನ್ನೇ ಇಟ್ಟು ಚುಚ್ಚಬೇಕೆಂಬುದು ನಿಯಮ. ಆದರೆ ಸೂಜಿ ಹೊಕ್ಕಷ್ಟೂ ಹಳೆಯ ತೂತು ಹಿಗ್ಗುತ್ತದೆ. ದೊಡ್ಡವರು ಹೋದ ತಿಂಗಳು ಸೂಜಿಯಮ್ಮ ಮೂಲವನ್ನು ಮೇಜಿನ ಮೇಲಿಟ್ಟು ಸೂಜಿ ಎತ್ತಿದಳು, ಕೈ ಮುಂದೆ ಹೋಗಲಿಲ್ಲ. ಅವರ ಬೆರಳು ಮಾಡಿದ ತೂತಿಗೆ ತನ್ನ ಸೂಜಿ ಹಾಕಿ ಹಾಳುಮಾಡುವುದೇ? ಅವಳು ಅದನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು ಪೆಟ್ಟಿಗೆಯ ತಳದಲ್ಲಿಟ್ಟಳು. ಅಂದಿನಿಂದ ನಕಲಿನ ಮೇಲೆ ನಕಲು, ಆ ನಕಲಿನ ಮೇಲೆ ಇನ್ನೊಂದು.

ಮಾದರಿಗೆಂದು ಇಟ್ಟ ಒಂದು ಹಾಳೆ ಎಂಟು ತಿಂಗಳು ಬಾಳುತ್ತಿತ್ತು, ಆಮೇಲೆ ಅದರ ನಕಲೇ ಮಾದರಿ. ಬಾಲದ ಕಡೆ ಎರಡು ಮೊಳೆ ಬಿಗಿದು, ಬೆಳಿಗ್ಗೆ ಬಾಲದಿಂದ ಶುರುಮಾಡುತ್ತಿದ್ದಳು. ಮಧ್ಯಾಹ್ನಕ್ಕೆ ರೆಕ್ಕೆ. ಕತ್ತಿಗೆ ಬರುವ ಹೊತ್ತಿಗೆ ಸಂಜೆ. ಆಗ ಬೆರಳು ಸೋತಿರುತ್ತಿತ್ತು, ಮೇಜಿನ ಕೆಳಗೆ ಮಗು, ಮನೆಯಲ್ಲಿ ಒಲೆ, ಲಾರಿ ಓಡಿಸಿಕೊಂಡು ದೂರದಿಂದ ಬರಬೇಕಾದ ಗಂಡ. ಸೂಜಿ ಹಳೆಯ ತೂತಿನ ಕೆಳ ಅಂಚಿಗೆ ತಾನೇ ಒರಗುತ್ತಿತ್ತು. ಒಂದು ಕೂದಲೆಳೆಯಷ್ಟು. ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ನಲವತ್ತೈದು ಹಾಳೆಗಳು ಹಾಗೆ ಕಳೆದವು.

ಮೂವತ್ತು ವರ್ಷವಾದ ಮೇಲೆ ಒಂದು ಮಧ್ಯಾಹ್ನ, ಹುಳ ಹಿಡಿದಿದೆಯೋ ಏನೋ ಎಂದು ನೋಡಲು ಅವಳು ಮೂಲವನ್ನು ಹೊರತೆಗೆದಳು. ನೋಡಿದವಳು ಹಾಗೇ ನೆಲದ ಮೇಲೆ ಕೂತುಬಿಟ್ಟಳು. ಮರುದಿನ ಅದನ್ನು ಕಂಕುಳಲ್ಲಿಟ್ಟುಕೊಂಡು, ಎಲ್ಲ ಹೇಳಿಬಿಡುವುದೆಂದು ಕಾರ್ಖಾನೆಗೆ ಹೋದಳು. ಅಂದು ದೂರದ ಒಬ್ಬ ಪಂಡಿತರು ಬಂದಿದ್ದರು. ಅಂಗಳದಲ್ಲಿ ಸಭೆ ಸೇರಿತ್ತು. ಹಕ್ಕಿಯ ಬಾಗಿದ ಕತ್ತನ್ನು ಕೋಲಿನಿಂದ ತೋರಿಸುತ್ತ ಅವರು, ಮಹಾ ಕಲಾವಿದನೊಬ್ಬನ ವಿನಯವೆಲ್ಲ ಈ ಒಂದು ಬಾಗಿನಲ್ಲಿದೆ ಎಂದು ಹೇಳುತ್ತಿದ್ದರು. ಜನ ಚಪ್ಪಾಳೆ ತಟ್ಟಿದರು. ಯಜಮಾನರು ಮುಂದಿನ ಸಾಲಿನಲ್ಲಿ ಕೂತು ಅಪ್ಪನನ್ನು ನೆನೆದು ಅಳುತ್ತಿದ್ದರು. ಸೂಜಿಯಮ್ಮ ಹಿಂದೆ ನಿಂತು ಪೂರ್ತಿ ಕೇಳಿದಳು. ಆಮೇಲೆ ಕಟ್ಟನ್ನು ಬಿಚ್ಚದೆಯೇ ಮನೆಗೆ ತಂದಳು.

ಅಲ್ಲಿಂದ ಮುಂದೆ ಅವಳು ಬೆಳಿಗ್ಗೆಯೇ ಕತ್ತಿನಿಂದ ಶುರುಮಾಡತೊಡಗಿದಳು. ಸೂಜಿಯನ್ನು ಮೇಲಿನ ಅಂಚಿಗೆ ಒತ್ತಿ ಹಿಡಿದು, ಪ್ರತಿ ಹಾಳೆಗೆ ಒಂದು ಕೂದಲೆಳೆ ಎತ್ತಲು ನೋಡಿದಳು. ಯಜಮಾನರ ಭೂತಗನ್ನಡಿ ಪ್ರತಿ ಸಲವೂ ಹಿಡಿಯಿತು; ಅವಳು ಪ್ರತಿ ಸಲವೂ ಮತ್ತೆ ತಗ್ಗಿಸಿ ಚುಚ್ಚಿಕೊಟ್ಟಳು. ಕೊನೆಗೆ ಅರವತ್ತೈದನೇ ವಯಸ್ಸಿನಲ್ಲಿ ಅವರು ಅವಳ ಕೈ ಹಿಡಿದು, ತುಂಬ ಪ್ರೀತಿಯಿಂದ, "ಅಮ್ಮಾ, ನಿಮ್ಮ ಕೈ ನಡುಗ್ತಿದೆ. ಇನ್ನು ಸಾಕು," ಎಂದರು. ಒಂದು ಶಾಲು ಹೊದಿಸಿದರು.

ಕೆಲಸ ಬಿಡುವ ಪ್ರತಿಯೊಬ್ಬರಿಗೂ ಕಾರ್ಖಾನೆಯಲ್ಲಿ ಒಂದು ಹಕ್ಕು ಇತ್ತು: ಭಟ್ಟಿಯಲ್ಲಿ ಒಂದು ಹಲಗೆ, ಒಂದು ಸಲ, ಏನು ಬೇಕಾದರೂ ಬೇಯಿಸಿಕೊಳ್ಳಬಹುದು. ಹೆಚ್ಚಿನವರು ಮನೆಗೆ ಹೂಕುಂಡ, ಉಪ್ಪಿನ ಜಾಡಿ ಮಾಡಿಕೊಳ್ಳುತ್ತಿದ್ದರು. ಸೂಜಿಯಮ್ಮ ಆರು ವರ್ಷ ತನ್ನ ಹಲಗೆಯನ್ನು ಕೇಳಲಿಲ್ಲ.

*

"ಎಲ್ಲರ ಮುಂದೆ ಬಿಚ್ಚಿ ತೋರಿಸು," ಎಂದಳು ಅತ್ತೆ. ಹಿತ್ತಿಲ ಬಾಗಿಲು ಹಾಕಿಕೊಂಡು ಇಬ್ಬರೂ ಅಡುಗೆಮನೆಯಲ್ಲಿ ನಿಂತಿದ್ದರು. ಮೂಲಹಾಳೆ ಅಡುಗೆಕಟ್ಟೆಯ ಮೇಲಿತ್ತು. "ಒಂದು ಎಳೆ ಆಚೆಈಚೆ ಆದ್ರೆ ತಟ್ಟೆ ಒಡೆದುಹಾಕ್ತಿದ್ರಲ್ಲ, ಈಗ ಎಷ್ಟು ಒಡೀತಾರೆ ನೋಡೋಣ. ಪ್ರದರ್ಶನದ ಮುನ್ನೂರೂ ಒಡೀಲಿ. ಈ ಹಾಳೆ ಕೈಲಿದ್ರೆ ನಿನ್ನ ಎಂಟು ತಟ್ಟೆ ಮುಟ್ಟೋಕೂ ಅವರಿಗೆ ಧೈರ್ಯ ಬರಲ್ಲ."

ಮಗಳು ಅದನ್ನು ಯೋಚಿಸದೆ ಇರಲಿಲ್ಲ. ಬೆಳಿಗ್ಗೆಯಿಂದ ಬೇರೇನನ್ನೂ ಯೋಚಿಸಿರಲಿಲ್ಲ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವಳು ಚುಚ್ಚುಹಾಳೆ ಇಲ್ಲದೆ ಒಂದು ತಟ್ಟೆ ಬರೆದು ಸದ್ದಿಲ್ಲದೆ ಭಟ್ಟಿಗೆ ಸೇರಿಸಿದ್ದಳು. ಬೆಂಕಿಯಲ್ಲಿ ಬಿರುಕುಬಿಟ್ಟ ತಟ್ಟೆಯನ್ನು ಮಾಡಿದವರೇ ಒಡೆಯಬೇಕು, ಹಾಳೆಗೆ ಹೊಂದದ ತಟ್ಟೆಯನ್ನು ಯಜಮಾನರು ಒಡೆಯುತ್ತಾರೆ, ಇದು ಭಟ್ಟಿಬಾಗಿಲ ಕಟ್ಟಳೆ. ಅವಳದನ್ನು ಯಜಮಾನರು ಒಡೆದರು, ತಿರುಗಿಸಿಯೂ ನೋಡಲಿಲ್ಲ. ಆ ಮೇಲೆ ಹದಿನಾರು ವರ್ಷ ಅವಳು ಹಗಲು ಕಾರ್ಖಾನೆಯಲ್ಲಿ ತಗ್ಗಿದ ತಲೆಗೆ ನೀಲಿ ಎಳೆದಳು. ರಜೆಯ ದಿನ ಅಡುಗೆಮನೆಯ ಮೇಜಿನ ಮೇಲೆ ತನ್ನದನ್ನು ಬರೆದಳು. ಬೆಂಕಿ ಕಾಣದ ಬಣ್ಣ ನಿಲ್ಲುವುದಿಲ್ಲ, ಬೆರಳು ತಗುಲಿದರೆ ಬರುತ್ತದೆ. ಆದ್ದರಿಂದ ಅವೇ ಎಂಟು ತಟ್ಟೆಗಳನ್ನು ಬರೆದು, ನೋಡಿ, ತೊಳೆದು, ಮತ್ತೆ ಬರೆಯುತ್ತಿದ್ದಳು. ತೊಳೆದ ನೀರನ್ನು ಅಮ್ಮ ಏನೂ ಹೇಳದೆ ಚೆಲ್ಲಿ, ಬೇರೆ ನೀರು ತಂದಿಡುತ್ತಿದ್ದಳು. ಹತ್ತು ದಿನದ ಹಿಂದೆ ಮಾತ್ರ, ಬಕೆಟ್ಟನ್ನು ಹಿಂದಕ್ಕೆ ಎಳೆದುಕೊಂಡು, "ಈ ಸಲ ತೊಳೀಬೇಡ. ನನ್ನ ಹಲಗೆ ಖಾಲಿ ಇದೆ," ಎಂದಿದ್ದಳು.

ಅವಳ ಕೈಯಿಂದ ಬಂದದ್ದರಲ್ಲಿ ಉಳಿಯುವಂಥವು ಈ ಎಂಟೇ.

"ಬಿಚ್ಚಿ ತೋರಿಸಿದ ಮೇಲೆ ಅಮ್ಮನ್ನ ಏನಂತಾರೆ ಅತ್ತೆ?"

"ಏನಂದ್ರೇನು. ಅವಳಿಗೆ ಕೇಳಿಸುತ್ತಾ?"

"ದೊಡ್ಡವರ ಹಕ್ಕೀನ ಕೆಡಿಸಿದೋಳು ಅಂತಾರೆ. ಇನ್ನೂ ಮನೆಯಿಂದ ಹೊರಟೂ ಇಲ್ಲ ಅವಳು."

ನಿನ್ನೆಯಿಂದ ಮೊದಲ ಸಲ ಅತ್ತೆಯ ಮಾತು ನಿಂತಿತು. ಸೆರಗಿನಿಂದ ಹಾಳೆಯ ಮೇಲಿನ ಧೂಳನ್ನು ಬಹಳ ಮೆಲ್ಲಗೆ ಒರೆಸಿ, ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ ಕೊಟ್ಟಳು. "ನಿನ್ನಿಷ್ಟ," ಎಂದಳು.

ಅಷ್ಟರಲ್ಲಿ ಭಟ್ಟಿಮಾವ ಹಿತ್ತಿಲ ಬಾಗಿಲು ತಟ್ಟಿದ. ಭಟ್ಟಿಗೆ ಬೆಂಕಿ ಕೊಡುವವನು. ಹೊರಊರಿನವರು ಹೆಸರು ಕೇಳಿ ಸಾರಾಯಿ ಇಳಿಸುವವನೆಂದು ತಿಳಿದು ಒಂದು ಸೀಸೆ ಸಿಗುತ್ತದಾ ಎಂದು ಕೇಳಿದ್ದೂ ಉಂಟು. ಎಂಟು ತಟ್ಟೆಗಳನ್ನು ಹಲಗೆಯ ಮೇಲೆ ಜೋಡಿಸಿದವನು ಅವನೇ. ಭಟ್ಟಿಗೆ ಎರಡು ದಿನ ಉರಿ, ಮೂರು ದಿನ ಆರಲು ಬಿಡಬೇಕು. ಇವತ್ತಿಗೆ ಲೆಕ್ಕ ಮುಗಿದಿತ್ತು.

"ಯಜಮಾನ್ರಿಗೆ ಹೇಳಿದೆ," ಎಂದ ಅವನು, ಕೈಯಲ್ಲಿ ಟೋಪಿ ಹಿಸುಕುತ್ತ. "ನಾನು ಬೆಂಕಿ ಹಚ್ಚಿದಾಗ ಸೂಜಿಯಮ್ಮ ಬದುಕಿದ್ಲು, ಅಷ್ಟೇ ಅಲ್ಲ, ಎದುರಿಗೆ ಕುರ್ಚಿ ಹಾಕ್ಕೊಂಡು ಕೂತಿದ್ಲು, ಹಲಗೆ ಅವಳದೇ ಅಂದೆ. ಹಲಗೆ ಕೊಡೋದು ಉಪ್ಪಿನ ಜಾಡಿಗೆ, ಊರಿನ ಹೆಸರು ಕೆಡಿಸೋಕಲ್ಲ ಅಂದ್ರು. ನನ್ನ ಕೈಲಿ ಇಷ್ಟೇ ಆಗಿದ್ದು, ಮಗಳೇ."

"ನೀವು ಯಾವಾಗ ತೆರೀತೀರಿ?"

"ಮಣ್ಣಿಂದ ನೇರ ಅಲ್ಲಿಗೇ."

"ನಾನೂ ಬರ್ತೀನಿ."

ಭಟ್ಟಿಮಾವ ಅತ್ತೆಯ ಮುಖ ನೋಡಿದ. ಅತ್ತೆ ಬೇಡವೆನ್ನಲಿಲ್ಲ.

*

ಬಣ್ಣ ಹಾಕುವ ಹನ್ನೊಂದು ಜನ ಸರದಿಯ ಮೇಲೆ ಸೂಜಿಯಮ್ಮನಿಗೆ ಹೆಗಲು ಕೊಟ್ಟರು. ದಾರಿಯಲ್ಲಿ ಎದುರು ಬಂದ ಬಸ್ಸಿನವನು ಇಂಜಿನ್ನನ್ನೇ ಆರಿಸಿ ನಿಂತ. ಮಣ್ಣು ಹಾಕುವಾಗ ಯಜಮಾನರು ತಮ್ಮ ಹಿಡಿಯಲ್ಲಿದ್ದ ಕಲ್ಲುಗಳನ್ನು ಆರಿಸಿ ತೆಗೆದು, ಬರಿಯ ಮಣ್ಣನ್ನು ಹಾಕಿದ್ದನ್ನು ಮಗಳು ನೋಡಿದಳು. ನೋಡಿ, ಬೆಳಿಗ್ಗೆಯಿಂದ ಕಾಪಿಟ್ಟುಕೊಂಡಿದ್ದ ಸಿಟ್ಟು ಕೈಜಾರುತ್ತದೆಯೋ ಎಂದು ಹೆದರಿದಳು.

ಭಟ್ಟಿಯ ಕೊಠಡಿಯಲ್ಲಿ ಬಿಸಿ ಇನ್ನೂ ಆರಿರಲಿಲ್ಲ. ಬಾಗಿಲ ಇಟ್ಟಿಗೆಗಳನ್ನು ಭಟ್ಟಿಮಾವ ಒಂದೊಂದಾಗಿ ಬಿಚ್ಚತೊಡಗಿದ. ಬಾಗಿಲ ಪಕ್ಕದಲ್ಲಿ ಮೊಣಕಾಲೆತ್ತರದ ಕರಿಗಲ್ಲು, ಒಡೆಯುವ ಕಲ್ಲು, ಸುತ್ತ ಹಳೆಯ ಚೂರುಗಳು. ಹನ್ನೊಂದು ಜನವೂ ಹೊಸ್ತಿಲ ಆಚೆ ನಿಂತರು. ಅವರನ್ನು ಯಾರೂ ಕರೆದಿರಲಿಲ್ಲ. ಮನೆಗೆ ಹೋಗಲು ರಜೆಯಿತ್ತು. ಅವರಲ್ಲಿ ಕೆಲವರ ಮಂಚದ ಕೆಳಗೂ ಬೇಯದ ತಟ್ಟೆಗಳಿವೆ ಎಂಬುದು ಒಬ್ಬರಿಗೊಬ್ಬರಿಗೆ ಗೊತ್ತಿತ್ತು, ಮಾತಾಡಿರಲಿಲ್ಲ.

"ಬರಬೇಡ ಅಂದಿದ್ದೆ," ಎಂದರು ಯಜಮಾನರು.

"ಮೂಲಹಾಳೆ ತಂದುಕೊಡ್ತೀನಿ ಅಂದಿದ್ದೆ." ಅವಳು ಕಟ್ಟನ್ನು ಚಾಚಿದಳು.

ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಿಟಕಿಯ ಬಳಿ ಹೋದರು. ಅವರ ಬೆನ್ನು ಹೊಸ್ತಿಲ ಕಡೆಗಿತ್ತು. ಗಂಟು ಬಿಚ್ಚುವುದು ಕಾಣಿಸಿತು, ಹಾಳೆಯನ್ನು ಬೆಳಕಿಗೆ ಎತ್ತುವುದು ಕಾಣಿಸಿತು. ಆಮೇಲೆ ಬೆನ್ನು ಅಲ್ಲಾಡಲಿಲ್ಲ. ಭಟ್ಟಿಮಾವ ಇಟ್ಟಿಗೆ ಇಳಿಸುವ ಸದ್ದು ಮಾತ್ರ. ಅವರು ಮೂಲೆಯ ಮೂರು ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು, ಮತ್ತೊಮ್ಮೆ ಮುಟ್ಟಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಹಕ್ಕಿ ಹಾಗೇ ಇತ್ತು.

ಬಹಳ ಹೊತ್ತಿನ ಮೇಲೆ ಅವಳನ್ನು ಹತ್ತಿರ ಕರೆದರು.

"ಯಾರಿಗೆ ತೋರಿಸಿದ್ದೀಯ?"

"ಅತ್ತೆ ನೋಡಿದ್ದಾಳೆ. ಇನ್ಯಾರೂ ಇಲ್ಲ."

"ಇದು ಹೇಗಾಯ್ತು?"

ಅವಳು ಗೊತ್ತಿದ್ದಷ್ಟನ್ನೂ ಆ ಎರಡು ಹಾಳೆಗಳಿಂದ ಊಹಿಸಿದ್ದನ್ನೂ ಹೇಳಿದಳು. ಅಮ್ಮ ಮೂಲವನ್ನು ಸೂಜಿಯಿಂದ ಉಳಿಸಿದ್ದು, ಕತ್ತಿಗೆ ಯಾವಾಗಲೂ ಸಂಜೆಯಾಗುತ್ತಿದ್ದುದು. ಮೇಜಿನ ಕೆಳಗಿದ್ದವಳಿಗೆ ಆ ಸಂಜೆಗಳು ಗೊತ್ತಿದ್ದವು; ಕತ್ತು ಮುಗಿದರೆ ಮನೆಗೆ ಹೊರಡುವ ಹೊತ್ತು. ಕಡೆಯಲ್ಲಿ ಅಮ್ಮ ಅದನ್ನು ಮೇಲೆತ್ತಲು ನೋಡಿದ್ದನ್ನೂ ಹೇಳಿದಳು. "ಅವಳ ಕೈ ನಡುಗ್ತಿರಲಿಲ್ಲ," ಎಂದಳು.

ಯಜಮಾನರು ಕಣ್ಣು ಮುಚ್ಚಿಕೊಂಡರು. ತೆರೆದಾಗ ಅವರ ಮುಖದಲ್ಲಿ ವ್ಯಾಪಾರಕ್ಕೆ ಕೂತವನ ಗಟ್ಟಿತನವಿತ್ತು. "ಏನು ಬೇಕು ನಿನಗೆ?" ಎಂದು ಕೇಳಿದರು. "ಹೇಳು. ಎಂಟು ತಟ್ಟೆಯಾ? ತಗೊಂಡು ಹೋಗು. ಇದನ್ನ ಮಾತ್ರ ಯಾರಿಗೂ..."

ಎಂಟು ತಟ್ಟೆ ಅವಳ ಕೈಗೆ ಬಂದ ಹಾಗೆಯೇ ಆಗಿತ್ತು. ಹೂಂ ಎಂದರೆ ಸಾಕಿತ್ತು. ಹೊಸ್ತಿಲ ಆಚೆ ಹನ್ನೊಂದು ಜನ ನಿಂತಿದ್ದರು.

"ಹಾಳೆ ನಿಮ್ಮಪ್ಪನದು, ನಿಮಗೆ ಕೊಟ್ಟೆ," ಎಂದಳು. "ಏನು ಮಾಡ್ತೀರೋ ನಿಮಗೆ ಬಿಟ್ಟಿದ್ದು. ನಾನು ಬಾಯಿ ಬಿಡಲ್ಲ, ಅಮ್ಮನ ಸಲುವಾಗಿ. ತಟ್ಟೆ ನಂದು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಒಡೀಬೇಕು ಅನ್ನಿಸಿದ್ರೆ ಒಡೀರಿ. ಆದ್ರೆ ಈ ಸಲ ನೋಡಿ ಒಡೀರಿ."

ಭಟ್ಟಿಮಾವ ಕೆಳಗಿನ ಹಲಗೆಯನ್ನು ಎಳೆದ. ಚಿಂದಿ ಸುತ್ತಿದ ಕೈಯಿಂದ ಎಂಟನ್ನೂ ಒಂದೊಂದಾಗಿ ಮರದ ಬೆಂಚಿನ ಮೇಲೆ ಸಾಲಾಗಿ ಇಟ್ಟು, ತಾನು ಹಿಂದೆ ಸರಿದ.

ಒಂದರಲ್ಲೂ ಹಕ್ಕಿಯಿರಲಿಲ್ಲ. ಮೂರು ಕಾಲಿನ ಮೇಲೆ ನಿಂತ ಸ್ಟೂಲು. ಒಣಗಲು ಹಾಕಿದ ಬಟ್ಟೆಗಳು, ಗಾಳಿ ಹೊಕ್ಕು ಉಬ್ಬಿದ ಒಂದು ಅಂಗಿ. ನಲ್ಲಿಯ ಮುಂದೆ ನಿಂತ ಹೆಂಗಸರ ಬೆನ್ನುಗಳು. ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆಹೋದ ಗಂಡಸು. ಚುಕ್ಕೆಯ ಆಸರೆಯಿಲ್ಲದೆ ಎಳೆದ ಗೆರೆಗಳು. ಕೆಲವೆಡೆ ಕುಂಚ ತಡವರಿಸಿದ್ದು ಬೆಂಕಿಯಲ್ಲಿ ಹಾಗೇ ಗಟ್ಟಿಯಾಗಿತ್ತು. ನೀಲಿಯ ಜೊತೆ ಆ ಕಾರ್ಖಾನೆ ಎಂದೂ ಬಳಸದ ಒಂದು ಕಂದು ಬಣ್ಣ.

ಬೆಂಕಿಯಿಂದ ಬಂದ ಅವುಗಳನ್ನು ಮಗಳೂ ನೋಡುತ್ತಿದ್ದುದು ಅದೇ ಮೊದಲು. ಬೆಂದ ಮೇಲೆ ಬಣ್ಣ ಹೀಗೆ ಆಳಕ್ಕಿಳಿಯುತ್ತದೆಂದು ಅವಳು ಎಣಿಸಿರಲಿಲ್ಲ. ಬಸ್ಸಿನ ಕಿಟಕಿ ಸ್ವಲ್ಪ ಸೊಟ್ಟಗಿತ್ತು. ಸರಿಮಾಡಲು ಇನ್ನು ಬರುವುದಿಲ್ಲ.

ಯಜಮಾನರು ರೂಢಿಯಂತೆ ಚುಚ್ಚುಹಾಳೆಗಾಗಿ ಎಡಗೈ ಚಾಚಿದರು. ಆ ಕೈ ಗಾಳಿಯಲ್ಲಿ ನಿಂತಿತು. ಈ ತಟ್ಟೆಗಳ ಮೇಲೆ ಇಟ್ಟು ನೋಡುವ ಹಾಳೆ ಯಾವುದೂ ಇರಲಿಲ್ಲ. ಅವರು ಕೈ ಹಿಂದಕ್ಕೆ ತೆಗೆದುಕೊಂಡು, ಮೊದಲ ತಟ್ಟೆಯನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು. ಒಂದೊಂದರ ಮುಂದೆಯೂ ಅಷ್ಟೇ ಹೊತ್ತು ನಿಂತರು. ಹೊಸ್ತಿಲ ಬಳಿ ಯಾರೋ ಕೆಮ್ಮು ನುಂಗಿಕೊಂಡರು.

ಮೆಚ್ಚಿದರೋ ಇಲ್ಲವೋ ಮುಖದಿಂದ ಗೊತ್ತಾಗಲಿಲ್ಲ. ನೋಡಿದ ಮೇಲೆ ಒಂದೊಂದನ್ನೂ ಅಂಗೈಯ ಮೇಲೆ ನಿಲ್ಲಿಸಿ, ಬೆರಳ ಗಣ್ಣಿನಿಂದ ತಟ್ಟಿ, ಕಿವಿ ಕೊಟ್ಟರು. ಏಳು ತಟ್ಟೆಗಳು ಗಂಟೆಯಂತೆ ಸದ್ದು ಮಾಡಿದವು. ಎಂಟನೆಯದು, ಒಣಗುವ ಬಟ್ಟೆಗಳದು, ಒಡಕು ದನಿಯಲ್ಲಿ ನುಡಿಯಿತು. ಮತ್ತೊಮ್ಮೆ ತಟ್ಟಿದರು. ತಿರುಗಿಸಿ ತಳದಲ್ಲಿ ಕೂದಲಿನಂಥ ಗೆರೆಯೊಂದನ್ನು ಉಗುರಿನಿಂದ ತೋರಿಸಿದರು.

"ಬಿರುಕು ಬಿಟ್ಟಿದೆ," ಎಂದು ಅವಳ ಕೈಗೆ ಕೊಟ್ಟರು.

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು: ಬಿರುಕುಬಿಟ್ಟದ್ದನ್ನು ಒಡೆಯುವುದು ಮಾಡಿದವರ ಕೆಲಸ. ಭಟ್ಟಿಮಾವನಿಗೆ ಮೊದಲೇ ಆಗಿತ್ತು; ಅವನು ಮುಖ ಆಚೆ ತಿರುಗಿಸಿಕೊಂಡ. ಅವಳು ಕಲ್ಲಿನ ಬಳಿ ಹೋಗಿ, ಉಬ್ಬಿದ ಅಂಗಿಯನ್ನು ಕೊನೆಯ ಸಲ ನೋಡಿ, ತಟ್ಟೆಯ ಅಂಚನ್ನು ಕಲ್ಲಿಗೆ ಹೊಡೆದಳು. ಅದು ಮೂರು ಚೂರಾಯಿತು. ಆಗ ಅಳು ಬಂತು. ಅಮ್ಮನಿಗೂ ಅದಕ್ಕೂ ಸೇರಿ ಒಂದೇ ಸಲ, ಸದ್ದಿಲ್ಲದೆ.

ಹೊಸ್ತಿಲ ಬಳಿಯಿಂದ ಗಡ್ಡದ ಚಿತ್ರಗಾರ ಒಂದು ಹೆಜ್ಜೆ ಒಳಗೆ ಬಂದ. ಅವನು ಯಜಮಾನರ ಕಡೆ ನೋಡದೆ, ಭಟ್ಟಿಮಾವನನ್ನೇ ಕೇಳಿದ.

"ಮಾವ, ಮುಂದಿನ ಸಲ ಕೆಳಗಡೆ ಜಾಗ ಇರುತ್ತಾ? ನಂದೊಂದು ಮೂರಿವೆ."

ಭಟ್ಟಿಮಾವ ಯಜಮಾನರನ್ನು ನೋಡಿದ. ಯಜಮಾನರು ಕಿಟಕಿಯ ಬಳಿ ಮೂಲಹಾಳೆಯನ್ನು ಸುರುಳಿ ಸುತ್ತುತ್ತಿದ್ದರು. ಅಂಚು ಉದುರದಂತೆ ಬಹಳ ನಿಧಾನವಾಗಿ ಸುತ್ತುತ್ತಿದ್ದರು. ಆಗಲಿ ಎನ್ನಲಿಲ್ಲ. ಬೇಡವೆಂದೂ ಅನ್ನಲಿಲ್ಲ. ಗಡ್ಡದವನು ಸ್ವಲ್ಪ ಹೊತ್ತು ಕಾದು, ತಲೆಯಾಡಿಸಿ, ಉಳಿದವರ ಜೊತೆ ಹೊರಟುಹೋದ. ಅಂಗಳದಲ್ಲಿ ಅವರ ಮಾತು ಒಮ್ಮೆಗೇ ಎದ್ದು, ದೂರವಾಯಿತು.

"ನಾಲ್ಕನೇ ದಿನ ಏನು ಹೇಳ್ತೀರಿ ಯಜಮಾನ್ರೇ?" ಇಟ್ಟಿಗೆ ಇಳಿಸುತ್ತಲೇ ಎಲ್ಲ ಕೇಳಿಸಿಕೊಂಡಿದ್ದ ಭಟ್ಟಿಮಾವ ಕೇಳಿದ.

"ಗೊತ್ತಿಲ್ಲ ಕಣೋ."

ಅವರು ಬೆಂಚಿನ ತುದಿಗೆ ಕೂತರು. ಇದ್ದಕ್ಕಿದ್ದಂತೆ ಬಹಳ ವಯಸ್ಸಾದವರ ಹಾಗೆ ಕಂಡರು. ಭಟ್ಟಿ ತೆರೆಯುವ ದಿನ ಅವರ ಮನೆಯಿಂದ ಊಟದ ಡಬ್ಬಿ ಇಲ್ಲಿಗೇ ಬರುತ್ತಿತ್ತು. ಬಂದದ್ದು ಬಾಗಿಲ ಗೂಟಕ್ಕೆ ಹಾಗೇ ನೇತಾಡುತ್ತಿತ್ತು. ಭಟ್ಟಿಮಾವ ಅದನ್ನು ಇಳಿಸಿ ಅವರ ಪಕ್ಕದಲ್ಲಿಟ್ಟ. ಅವರು ಮುಚ್ಚಳ ತೆಗೆದರು, ಅನ್ನ ನೋಡಿದರು, ಆಮೇಲೆ ಕಲ್ಲಿನ ಬಳಿ ನೆಲದ ಮೇಲೆ ಕೂತಿದ್ದವಳನ್ನು ನೋಡಿದರು.

"ನಿನ್ನೆಯಿಂದ ಏನಾದ್ರೂ ತಿಂದಿದ್ದೀಯಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

ಕೊಠಡಿಯಲ್ಲಿ ಉಣ್ಣುವ ತಟ್ಟೆ ಇರಲಿಲ್ಲ. ಅಲ್ಲಿ ಇದ್ದವೆಲ್ಲ ಗೋಡೆಗೆ ಹೋಗುವಂಥವು. ಯಜಮಾನರು ಬೆಂಚಿನ ಮೇಲಿನ ಏಳರತ್ತ ತಿರುಗಿ, ನಲ್ಲಿಯ ಮುಂದೆ ಹೆಂಗಸರು ನಿಂತ ತಟ್ಟೆಯನ್ನು ಎತ್ತಿಕೊಂಡರು. ಹೆಗಲ ವಸ್ತ್ರದಿಂದ ಅದರ ಮೇಲಿನ ಬೂದಿಯನ್ನು ಒಳಗೂ ಹೊರಗೂ ಒರೆಸಿದರು. ಅನ್ನವನ್ನು ಒಂದು ಬದಿಗೆ, ಬೇಯಿಸಿದ ತರಕಾರಿಯನ್ನು ಇನ್ನೊಂದು ಬದಿಗೆ ಹಾಕಿದರು. ನಡುವೆ ಆ ಹೆಂಗಸರ ಬೆನ್ನುಗಳು ಕಾಣುವಷ್ಟು ಜಾಗ ಬಿಟ್ಟಿದ್ದರು. ಎದ್ದು ಬಂದು, ಬಗ್ಗಿ ಅದನ್ನು ಅವಳ ಕೈಗಿತ್ತರು.